ಅರವತ್ತೈದಕ್ಕೆ ಅಕ್ಷರಾಭ್ಯಾಸ

ಡುಲೂತ್ ಲೈಬ್ರರಿಯ ನೆಲಮಾಳಿಗೆ, ಡಿಸೆಂಬರಿನ ಮಂಗಳವಾರ.
ಹೊರಗೆ ಸುಪೀರಿಯರ್ ಸರೋವರ ಅಂಚಿನಿಂದ ಹೆಪ್ಪುಗಟ್ಟುತ್ತಿದೆ.
ಒಳಗೆ ಒಂದು ಮೇಜು, ಎರಡು ಕುರ್ಚಿ, ಹೀಟರಿನ ಗೊರಕೆ.
ಮೂವತ್ತೊಂದು ವರ್ಷ ಸ್ಕೂಲ್ ಬಸ್ಸು ಓಡಿಸಿದವಳು ನಾನು,
ಈಗ ಜನರನ್ನು ಮೆಡಿಕೇರಿಗೆ ಹತ್ತಿಸುತ್ತೇನೆ.
ಸಂಬಳವಿಲ್ಲ. ಕಾಫಿ ಇದೆ.

ಆರ್ವಿಡ್ ನಿಯೆಮಿ ಬಂದ,
ಬೂಟಿನ ಹಿಮವನ್ನು ಮೆಟ್ಟಿಲ ಮೇಲೇ ಕೊಡವಿ.
ಪಿಯಾನೋಗಳಿಗೆ ಶ್ರುತಿ ಕೂಡಿಸುವವನು.
ಕೈಯಲ್ಲಿ ದಿನಸಿ ಚೀಲ, ಚೀಲದ ತುಂಬ
ಕಂಪನಿಗಳು ಕಳಿಸಿದ ಹೊಳಪು ಕಾಗದ:
ಎಲ್ಲದರಲ್ಲೂ ಅದೇ ಬೆಳ್ಳಿಗೂದಲ ದಂಪತಿ, ಅದೇ ಸೈಕಲ್ಲು.
"ಇವರಿಗೆ ಕಾಯಿಲೆಯೇ ಇಲ್ಲವಲ್ಲ ವರ್ನಾ,
ಇನ್ಶೂರೆನ್ಸ್ ಯಾಕೆ?"

ಹುಟ್ಟಿದ ದಿನ? ಮಾರ್ಚ್ ಒಂದು.
ಹಾಗಾದರೆ ಫೆಬ್ರವರಿಯಿಂದಲೇ ಶುರು, ಅಂದೆ.
ಒಂದನೇ ತಾರೀಕು ಹುಟ್ಟಿದವರಿಗೆ
ಸರ್ಕಾರ ಒಂದು ತಿಂಗಳು ಮೊದಲೇ ವಯಸ್ಸು ಮಾಡುತ್ತದೆ.
ಅವನು ಪೆನ್ನು ಕೆಳಗಿಟ್ಟ.
ಮಧ್ಯರಾತ್ರಿ ಕಳೆದು ಹನ್ನೆರಡು ನಿಮಿಷವಂತೆ,
ಹಿಮಗಾಳಿ, ಡಾಕ್ಟರ ಕಾರು ದಾರಿಯಲ್ಲೇ ಹೂತು,
ತಡಿ, ತಡಿ ಅನ್ನುತ್ತ ನರ್ಸು.
"ಅಮ್ಮ ಹಲ್ಲು ಕಚ್ಚಿ ದಾಟಿಸಿದ ಗಡಿ ಅದು.
ನನ್ನನ್ನು ಹಿಂದಕ್ಕೆ ತಳ್ಳಿ
ಫೆಬ್ರವರಿಗೇ ಸೇರಿಸಿಬಿಟ್ಟರಾ?"

ಅಷ್ಟರಲ್ಲಿ ಕಂಪ್ಯೂಟರು ಕೇಳಿತು:
ನೀವಿನ್ನೂ ಇದ್ದೀರಾ?
ಉತ್ತರಕ್ಕೆ ಎರಡು ನಿಮಿಷ ಕೊಟ್ಟಿತ್ತು.
ಇದ್ದೇವೆ, ಒತ್ತಿದೆ.

ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ,
ಅರವತ್ತೈದಕ್ಕೆ ಅಕ್ಷರಾಭ್ಯಾಸ.
ಎ ಅಂದರೆ ಆಸ್ಪತ್ರೆಯ ಮಂಚ, ಬಿ ಅಂದರೆ ಡಾಕ್ಟರು,
ಡಿ ಅಂದರೆ ಮಾತ್ರೆ.
"ಡಾಕ್ಟರು ಡಿ ಅಲ್ಲವಾ?"
ಅಲ್ಲ. ನನ್ನನ್ನು ಕೇಳಿ ಇಟ್ಟದ್ದಲ್ಲ.
"ಎ ನನಗೆ ಗೊತ್ತು," ಅಂದ, ಮೇಜಿನಂಚಿಗೆ ಬೆರಳು ತಟ್ಟಿ,
"ಸೆಕೆಂಡಿಗೆ ನಾನೂರ ನಲವತ್ತು ಕಂಪನ.
ನನ್ನ ದಿನ ಶುರುವಾಗುವುದೇ ಅಲ್ಲಿಂದ."
ಬಿ ತಡ ಮಾಡಿದರೆ ವರ್ಷಕ್ಕೆ ನೂರಕ್ಕೆ ಹತ್ತು ದಂಡ,
ಬದುಕಿರುವ ತನಕ.
"ಸತ್ತ ಮೇಲೆ ಬಿಡುತ್ತಾರಾ?"
ಬಿಡುತ್ತಾರೆ.

ಆಮೇಲೆ, ಕೋಟು ತೊಡುವಾಗ, ಬಾಗಿಲ ಕಡೆ ನೋಡುತ್ತ:
"ಕಿವಿ ಯಾವ ಅಕ್ಷರದಲ್ಲಿದೆ?"

ಸೋರಿದರೆ, ಕೀವಾದರೆ, ಬಿ.
ಕೇಳಿಸದಿದ್ದರೆ ಯಾವುದೂ ಅಲ್ಲ.
ಯಂತ್ರದ ದುಡ್ಡು ನಿನ್ನದೇ.
ಸಿ ಯವರು ಒಂದಿಷ್ಟು ಕೊಡುತ್ತಾರೆ,
ಅವರ ಪಟ್ಟಿಯ ಡಾಕ್ಟರ ಹತ್ತಿರ ಹೋದರೆ.
ಆ ಡಾಕ್ಟರಿರುವುದು ನೂರೈವತ್ತು ಮೈಲಿ ಆಚೆ.
ಗೋಡೆಗೂ ಕಿವಿಯಿದೆ ಅನ್ನುತ್ತಾರೆ.
ಇಷ್ಟು ದಪ್ಪದ ಈ ಪುಸ್ತಕಕ್ಕಿಲ್ಲ.

ಕೋಟಿನಲ್ಲೇ ಮತ್ತೆ ಕೂತ.
ಬಲತುದಿಯ ಎಂಟು ಮನೆಗಳು
ಎರಡು ವರ್ಷದಿಂದ ಬಾಗಿಲು ಹಾಕಿಕೊಂಡಿವೆಯಂತೆ.
ತಂತಿ ಅದುರುವುದು ಕಾಣುತ್ತದೆ, ಅಷ್ಟೇ.
ಚರ್ಚಿನವರಿಗೆ ಹೇಳಿಲ್ಲ. ಹೆಂಡತಿಗೂ.

ಮೂಲೆಯಲ್ಲಿ ಲೈಬ್ರರಿಯ ಹಳೆ ಪಿಯಾನೋ, ಅದರ ಮೇಲೆ ಮುರಿದ ಗ್ಲೋಬು.
ಗ್ಲೋಬನ್ನು ನನ್ನ ಕೈಗೆ ಕೊಟ್ಟು ಹೊದಿಕೆ ಎತ್ತಿದ,
ಜೇಬಿನಿಂದ ಶ್ರುತಿಯ ಕೀಲಿ ತೆಗೆದ.
"ಎರಡು ತಂತಿ ಜಗಳಾಡಿದರೆ ದನಿ ನಡುಗುತ್ತೆ.
ನಡುಕ ನಿಂತಾಗ ಹೇಳು."
ಸಂಗೀತ ನನಗೆ ಬಾರದು. ಆದರೆ
ನಲವತ್ತೆಂಟು ಮಕ್ಕಳ ಗದ್ದಲದೊಳಗೆ
ಹಿಂಚಕ್ರದ ಬೇರಿಂಗು ಮೆಲ್ಲಗೆ ಅತ್ತದ್ದನ್ನು
ಕೇಳಿಸಿಕೊಂಡವಳು.
ಇನ್ನಿಷ್ಟು, ಅಂದೆ. ಇನ್ನೂ.
ನಿಂತಿತು.
ಅವನು ನನ್ನ ಮುಖ ನೋಡಿ ನಂಬಿದ.

ಅರ್ಜಿ ಆ ದಿನವೇ ಹೋಗಿತ್ತು.
ಮೂರು ವಾರಕ್ಕೆ ಕಾರ್ಡು ಬಂತು, ತೆಳು ಕಾಗದದ್ದು,
ಕೆಂಪು ಪಟ್ಟಿ, ನೀಲಿ ಪಟ್ಟಿ,
ಹೆಸರು ದಪ್ಪ ದಪ್ಪ ಅಕ್ಷರದಲ್ಲಿ,
ದೂರದಿಂದ ಕೂಗಿ ಕರೆದ ಹಾಗೆ.
ತೋರಿಸಲೆಂದೇ ಬಂದಿದ್ದ.

ಅವನ ಹಿಂದೆ ಇನ್ನೂ ಐದು ಜನ ಕಾಯುತ್ತಿದ್ದರು.
ಮೊದಲನೆಯಾಕೆ ಕುರ್ಚಿ ಎಳೆದುಕೊಂಡು
ಹಲ್ಲಿನ ಬಗ್ಗೆ ಕೇಳಿದಳು.