ಡಕಾರಕ್ಕೆ ಬಂದ ಬರ

ಆ ವರ್ಷ ವಿರಾಜಪೇಟೆಯಲ್ಲಿ ಟಿಕೆಟ್ಟಿಗೆ ಇಬ್ಬರು:
ತೋರೆಯಂಡ ಚಿಟ್ಟಿಯಪ್ಪ, ಮಲ್ಲಚಂಡ ಕುಟ್ಟಯ್ಯ.
ನನ್ನ ಪ್ರೆಸ್ಸಿನಲ್ಲಿ ಪೋಸ್ಟರಿನ ಅಳತೆಗೆ
ಇದ್ದದ್ದು ಎರಡೇ ‘ಡ’,
ಒಂದರ ಹೊಟ್ಟೆ ಅಪ್ಪನ ಕಾಲಕ್ಕೇ ಸವೆದಿತ್ತು.
‘ಒಳ್ಳೆಯದು ನಮಗಿರಲಿ ಫ್ಲಾವಿಬಾಯಿ’
ಎನ್ನಲು ಇಬ್ಬರೂ ಬಂದರು, ಬೇರೆ ಬೇರೆ ರಾತ್ರಿ,
ಒಂದೇ ಬಾಡಿಗೆ ಜೀಪಿನಲ್ಲಿ.
ಡ್ರೈವರು ಎರಡು ಸಲವೂ ನನ್ನ ಮುಖ ನೋಡಲಿಲ್ಲ.

ಊರಿನ ಮತ ಆಮೇಲೆ. ಮೊದಲು ಪಕ್ಷದ ಒಳಗಿನದು.
ಕಾಫಿ ಕ್ಯೂರಿಂಗಿನ ಹಿಂಬದಿ ಹಾಲು,
ನಲವತ್ತಮೂರು ಮಂದಿ,
ಸೀಳು ಕೊರೆದ ಬಿಸ್ಕತ್ತಿನ ಡಬ್ಬಿ.
ಬೆಂಗಳೂರಿನ ವೀಕ್ಷಕರು ಹೊಟ್ಟೆ ಕೆಟ್ಟು
ಕಡಂಬಿಟ್ಟು ಬೇಡವೆಂದು ಗಂಜಿ ಕೇಳಿದರಂತೆ.
ಚೀಟಿ ಅಚ್ಚಾದದ್ದು ನನ್ನಲ್ಲೇ.
ನಲವತ್ತಮೂರು ಸಾಕು ಎಂದವರು ಐವತ್ತು ಒಯ್ದರು.
ಏಳು ಹೆಚ್ಚಿಗೆ ಯಾಕೆ, ಎಂದ ಹಂಝ.
ನೀನು ಟ್ರೆಡಲ್ ತುಳಿ, ಎಂದೆ.

ಇಪ್ಪತ್ತೆರಡು, ಇಪ್ಪತ್ತೊಂದು ಎಂಬ ಸುದ್ದಿ ಸಂಜೆಗೆ.
ಯಾವುದು ಯಾರದೆಂದು ಯಾರೂ ಹೇಳಲಿಲ್ಲ.
ತೋಟದವರೆಲ್ಲ ಹೂಮಳೆಗೆ ಬಾನು ನೋಡುವಾಗ
ಇವರಿಬ್ಬರು ಅಂಚೆ ಕಚೇರಿಯ
ಟ್ರಂಕ್ ಕಾಲ್ ಕಿಟಕಿ ನೋಡಿದರು.
ನಡುವೆ ಒಂದು ಮದುವೆ.
ಹಿರಿಯರು ಚಿಟ್ಟಿಯಪ್ಪ, ರೂಢಿಯಂತೆ
ಕುಟ್ಟಯ್ಯ ಬಗ್ಗಿ ಕಾಲು ಮುಟ್ಟಿದರು;
ಬೆನ್ನು ಎಷ್ಟು ಬಗ್ಗಿತೆಂದು
ಇಡೀ ಚಪ್ಪರ ಅಳೆಯಿತು.

ನಾನು ಎರಡನ್ನೂ ಕಟ್ಟಿಟ್ಟಿದ್ದೆ.
ಸೀಸದಲ್ಲಿ ಹೆಸರು ಹಿಂದುಮುಂದು;
ಎಡದಿಂದ ಓದಿದರೆ ಇಬ್ಬರ ಮನೆತನವೂ
‘ಡ’ದಿಂದಲೇ ಶುರು.
ಪ್ರೂಫು ಎಳೆದು ಕಳಿಸಿದೆ, ಇಬ್ಬರೂ ಒಪ್ಪಿದರು,
ಐನೂರೈನೂರು ಹೊಡೆದೂ ಆಯಿತು.

ಪಟ್ಟಿ ಬಂತು. ಕೂವಲೇರ ಮೊಣ್ಣಪ್ಪ.
ಮೈಸೂರಿನಲ್ಲಿ ಮನೆ,
ಡಬ್ಬಿಯ ಚೀಟಿಯಲ್ಲಿ ಇಲ್ಲದ ಹೆಸರು.
ಒತ್ತಕ್ಷರ ಬೇಕಾದಷ್ಟಿದ್ದವು ನನ್ನಲ್ಲಿ,
ಒಂದೇ ಬೆಳಗ್ಗೆ ಮುಗಿಸಿದೆ.
ಹಳೆಯ ಸಾವಿರ ಹಾಳೆ ತೂಕಕ್ಕೆ ಹೋಗಿ
ಸಂತೆಯಲ್ಲಿ ಒಳ್ಳೆಮೆಣಸಿನ ಪೊಟ್ಟಣವಾದವು;
ಕಾಲು ಸೇರು ಚಿಟ್ಟಿಯಪ್ಪ, ಅರ್ಧ ಸೇರು ಕುಟ್ಟಯ್ಯ.

ಮಳೆಗಾಲ ಹಿಡಿದ ಮೇಲೆ ಒಂದು ರಾತ್ರಿ
ಬಾಕಿ ಹಣ ಎಣಿಸಿಟ್ಟು ಚಿಟ್ಟಿಯಪ್ಪ ಕೇಳಿದರು,
ಈಗೇನು ಹೋಯಿತು, ಹೇಳು,
ಒಳ್ಳೆಯ ಡ ಯಾರಿಗೆ ಹಾಕಿದ್ದೆ?
ನಿಮಗೇ, ಎಂದೆ.
ಕುಟ್ಟಯ್ಯನವರಿಗೂ ಅದನ್ನೇ ಹೇಳಿದ್ದೆ.

ಅವರು ಕೊಡೆ ಬಿಡಿಸಿ ಇಳಿದು ಹೋದರು.
ಹಂಝ ಸೀಮೆಎಣ್ಣೆಯಲ್ಲಿ ಮೊಳೆ ತೊಳೆಯುತ್ತಿದ್ದ.
ಅವನಿಗೆ ಗೊತ್ತಿತ್ತು.
ಎರಡನ್ನೂ ಒರೆಸಿ
ಒಂದೇ ಖಾನೆಗೆ ಹಾಕಿದ,
ತಲೆ ಎತ್ತದೆ.