ಕಡಲಿಗೆ ವಾಲಿದ ಮೈದಾನ

ನಮ್ಮ ಬೆಂಗ್ರೆಯ ಮೈದಾನ ಸಮ ಇಲ್ಲ ಮಾರಾಯ್ರೆ,
ಕಡಲಿಗೆ ವಾಲಿಕೊಂಡೇ ಉಂಟು.
ಬಿಟ್ಟ ಚೆಂಡು ಬಿಟ್ಟಲ್ಲಿ ನಿಲ್ಲುವುದಿಲ್ಲ.
ಯಾರ ಕಾಲಿಂದ ಜಾರಿತೋ ಅವನೇ ಈಜಿ ತರಬೇಕು,
ಎಲ್ಲೂ ಬರೆದಿಡದ, ಯಾರೂ ಮುರಿಯದ ಕಾನೂನು.

ಗಾಳಿಮರದ ಎರಡು ಕಂಬ, ಮೇಲೊಂದು ಹಗ್ಗ,
ಹಿಂದೆ, ಬೂತಾಯಿ ಹಿಡಿದು ಹಿಡಿದು ಹರಿದ ಬಲೆ.
ಅಳಿವೆ ಬದಿಯ ಗೋಲು ನನ್ನದು.
ಹನ್ನೊಂದು ವರ್ಷ ಅಲ್ಲಿ ನಿಂತು
ತಮೀಮ್ ಬರುವುದನ್ನು ನೋಡಿದ್ದೇನೆ:
ಮೊದಲು ಮೊಣಕಾಲು ಕಾಣುತ್ತಿತ್ತು, ಆಮೇಲೆ ಹುಡುಗ.

ಅವನಿಗೆ ಈಜು ಬರುತ್ತಿರಲಿಲ್ಲ.
ಬೆಂಗ್ರೆಯಲ್ಲಿ ಹುಟ್ಟಿ! ನಗಬೇಡಿ.
ಅವನಪ್ಪ ಹೋದ ದೋಣಿ ತಿರುಗಿ ಬಂದಿತ್ತು,
ಅಪ್ಪ ಇರಲಿಲ್ಲ ಅದರಲ್ಲಿ.
ಮತ್ತೆ ಮೈಮೂನ ಮಗನ ಹಿಮ್ಮಡಿ ನೆನೆಯಲು ಬಿಡಲಿಲ್ಲ.
ಹಾಗಾಗಿ ಅವನ ಚೆಂಡು ಜಾರುವ ಹಾಗೆಯೇ ಇಲ್ಲ:
ಕಡಲು ಬಲಕ್ಕೆ ಎಳೆದಷ್ಟೂ
ಎಡಗಾಲನ್ನು ಚೆಂಡಿನ ಆಚೆಗೆ ಚಾಚಿ
ಪಾದದ ಹೊರಮೈಯಲ್ಲಿ ಒಂದು ಕೊಕ್ಕೆ,
ಚೆಂಡು ಒಳಗೆ, ಹುಡುಗ ಒಳಗೆ,
ನಾನು ಇನ್ನೊಂದು ಬದಿಯ ಮರಳು ತಿನ್ನುತ್ತಾ.

ಆ ಕೊಕ್ಕೆಯನ್ನು ನೆಹರೂ ಮೈದಾನದ ದೀಪದಡಿ
ಫೆಲಿಕ್ಸ್ ಮಾಸ್ಟ್ರು ಕಂಡರು.
ಮೂರು ವರ್ಷದ ಕಾಗದ, ಗೋವಾದ ಕ್ಲಬ್ಬು,
ಹತ್ತೊಂಬತ್ತು ತುಂಬಿದ ಮರುವಾರ ರುಜು.
ಮೈಮೂನ ಫೆರಿಯಲ್ಲಿದ್ದವರಿಗೆಲ್ಲ ಖರ್ಜೂರ ಹಂಚಿದಳು,
ಬಂಗುಡೆ ಬುಟ್ಟಿ ಹೊತ್ತವರಿಗೂ, ಪೊಲೀಸನಿಗೂ.

ಅಲ್ಲಿ ನೆಲ ಸಮ.
ಚಾಪೆ ಹಾಸಿದ ಹಾಗೆ ಹುಲ್ಲು. ಚೆಂಡು ಇಟ್ಟಲ್ಲಿ ಇರುತ್ತದೆ.
ಇವನ ಕಾಲು ಮಾತ್ರ, ಜಾರದ ಚೆಂಡನ್ನು ಹಿಡಿಯಲು
ಆಚೆ ಹೋಗಿ, ಬರಿ ಗಾಳಿಗೆ ಕೊಕ್ಕೆ ಹಾಕಿ,
ಎರಡು ಸಲ ಬಿದ್ದನಂತೆ ಮೊದಲ ಪಂದ್ಯದಲ್ಲೇ.
ಗ್ಯಾಲರಿಯಲ್ಲಿ ಯಾರೋ ಕೂಗಿದರಂತೆ,
ಭಾಷೆ ತಿಳಿಯಲಿಲ್ಲ, ನಗು ತಿಳಿಯಿತು.

ರಾತ್ರಿ ಮೆಸೇಜು, ಬರೀ ಅಂಕಿ:
ಏಳು ನಿಮಿಷ. ನಾಲ್ಕು.
ಸೊನ್ನೆ. ಸೊನ್ನೆ. ಹನ್ನೊಂದು. ಸೊನ್ನೆ.
ದಕ್ಕೆಯ ಐಸ್ ಪ್ಲಾಂಟಿನ ಗೋಡೆಗೆ
ಇದ್ದಿಲಲ್ಲಿ ಬರೆದಿಟ್ಟೆ.
ಒಂದು ಬೋಟಿನ ಐಸಿನ ಲೆಕ್ಕ ಅಂತ
ರೈಟರ್ ಅದನ್ನು ಕೂಡಿಸಿಯೂ ಬಿಟ್ಟ.

ಎರಡನೇ ವರ್ಷ, ಗುಡ್ಡದೂರಿನ ಸಣ್ಣ ಕ್ಲಬ್ಬಿಗೆ
ಅವನನ್ನು ಸಾಲ ಕೊಟ್ಟರು.
“ಮನುಷ್ಯನನ್ನು ಸಾಲ ಕೊಡುವುದುಂಟಾ?”
ಮೈಮೂನ ಕೇಳಿದಳು, “ಬಡ್ಡಿ ಯಾರಿಗೆ?”
ನನಗೂ ಗೊತ್ತಿರಲಿಲ್ಲ.

ಅಲ್ಲಿ ಮಳೆಯಂತೆ, ಅಲ್ಲಿ ಒಂದು ಬದಿ ಕುಸಿದ ಮೈದಾನವಂತೆ.
ಆ ಸಂಜೆ ನಾನು ಫೆರಿಯಲ್ಲಿ, ಮೊಬೈಲು ಕೈಯಲ್ಲಿ.
ಎಪ್ಪತ್ತೆಂಟನೇ ನಿಮಿಷ, ಚೆಂಡು ಅವನ ಬಳಿ,
ಹೊಳೆಯ ನಡುವೆ ನೆಟ್‌ವರ್ಕ್ ಹೋಯಿತು.
ಚೆಂಡು ಅವನ ಬಳಿಯೇ ನಿಂತಿತು, ಕಾಲೂ ಗಾಳಿಯಲ್ಲಿ,
ಇಂಜಿನ್ನು ಟಕಟಕ, ಟಕಟಕ.
ದಡಕ್ಕೆ ಹಗ್ಗ ಬಿಗಿದಾಗ ಒಂದು–ಸೊನ್ನೆ.

ಆಮೇಲೆ ನೂರು ಸಲ ನೋಡಿದ್ದೇನೆ, ಹೌದು.
ಆಗಿಹೋದದ್ದನ್ನು ನೋಡುವುದು ಬೇರೆ.
ನೋಡಿದ್ದು ಅವನನ್ನೂ ಅಲ್ಲ, ಆ ಗೋಲಿಯನ್ನು,
ಯಾರೋ ಪುಣ್ಯಾತ್ಮ, ಹಳದಿ ಅಂಗಿ,
ಬಿದ್ದದ್ದು ನಾನು ಬೀಳುತ್ತಿದ್ದ ಕಡೆಗೇ.

ಮೊನ್ನೆ ರಜೆಗೆ ಬಂದಿದ್ದ.
ಹುಡುಗರು ಎಳೆದರು; ಆಡುವಂತಿಲ್ಲ ಎಂದ,
ಕಾಗದದಲ್ಲಿ ಬರೆದಿದೆಯಂತೆ, ಕಾಲು ಈಗ ಕ್ಲಬ್ಬಿನದು.
ಹೊಸ ಚಪ್ಪಲಿಯಲ್ಲಿ ನೀರ ಅಂಚಿಗೆ ಹೋಗಿ ನಿಂತ,
ಕಡಲಿಗೆ ಬೆನ್ನು ಹಾಕಿ.
ಒಂದು ಚೆಂಡು ಜಾರಿತು, ಉರುಳಿತು, ನೊರೆಯವರೆಗೆ ಹೋಯಿತು.
ಎಡಗಾಲು ತುಸು ಅಲುಗಿದ್ದು ಕಂಡೆ ನಾನು.
ಮತ್ತೆ ಅವನು ಬಗ್ಗಿದ,
ಎರಡೂ ಕೈಯಲ್ಲಿ ಎತ್ತಿ, ಒರೆಸಿ,
ಎದೆಗಾನಿಸಿಕೊಂಡು ನಡೆದು ಬಂದ ನನ್ನ ತನಕ.

ಹಾಗೆ ಚೆಂಡು ಹಿಡಿಯುವವನು ನಾನು.
ಏನು ಹೇಳಬೇಕೋ ತಿಳಿಯದೆ
“ಎಂತ ಮಾರಾಯ, ಹ್ಯಾಂಡ್” ಎಂದೆ.
ಅವನ ಹಿಮ್ಮಡಿ ನೆನೆದಿತ್ತು.