ಕೊಳ್ಳಲೋ ಬೇಡವೋ ಎಂದು ಕೇಳಿದ ಗ್ರಸಿಂದಾಳಿಗೆ

ಸರ್ಜರ್ ಎನ್ನುತ್ತೀಯ ನೀನು, ಅಂಗಡಿಯವನ ಹಾಗೆ.
ನಮಗದು ಓವರ್‌ಲಾಕ್. ಮೂವತ್ತೊಂದು ವರ್ಷ
ನನ್ನ ಎದುರಿಗೆ ಇದ್ದದ್ದು ಅದೇ;
ಗಂಡ ಕೂಡ ಅಷ್ಟು ಹೊತ್ತು ಎದುರು ಕೂತವನಲ್ಲ.

ಸರಿ, ಸೂಜಿ ಕೆಳಗಿಡು.
ಇಗರ್ಜಿಯ ಈ ನೆಲಮಾಳಿಗೆಯಲ್ಲಿ
ಕೌದಿಗೆ ಸುತ್ತ ಕೂತ ಏಳು ಮಂದಿಯಲ್ಲಿ
ಐವರು ಅದೇ ಗ್ರಾನೈಟು ಗಿರಣಿಯವರು,
ಎಲ್ಲರಿಗೂ ಒಂದು ಕಿವಿ ಮಂದ.
ಅದಕ್ಕೇ ಜೋರಾಗಿ ಹೇಳುತ್ತೇನೆ, ಬೈದೆ ಅಂದುಕೊಳ್ಳಬೇಡ.

ಮೊದಲು ತಿಳಿದುಕೊ: ಅದಕ್ಕೆ ಹಲ್ಲಿದೆ.
ಸೂಜಿಗಿಂತ ಅರ್ಧ ಬೆರಳು ಮುಂದೆ ಅಲಗು,
ಹೊಲಿಯುವ ಮೊದಲೇ ಕತ್ತರಿಸಿ ಆಗಿರುತ್ತದೆ.
ತಪ್ಪಿದರೆ ಬಿಚ್ಚಬಹುದು ನೂಲನ್ನು, ಬಟ್ಟೆ ಬಾರದು.
ಗುಂಡುಪಿನ್ನು ತೆಗೆಯಲು ಮರೆತೆಯೋ, ಟಕ್!
ಅಲಗಿನ ಬಾಯಿ ಹೋಯಿತು,
ಪಿನ್ನಿನ ತುಂಡು ಎಲ್ಲಿ ಹಾರಿತೆಂದು
ಒಟೀಲಿಯಾಳ ಹಳೆಯ ಕನ್ನಡಕವನ್ನು ಕೇಳು.

ಮಕ್ಕಳ ಬನಿಯನ್ನಿನ ಭುಜ ನನ್ನ ಪಾಲಿಗೆ.
ಭುಜ, ಭುಜ, ಭುಜ.
ತೋಳು ಬೇರೊಬ್ಬಳದು, ಕತ್ತು ಇನ್ನೊಬ್ಬಳದು,
ಇಡೀ ಅಂಗಿಯನ್ನು ನಾನು ಕಂಡದ್ದು ಪೇಟೆಯಲ್ಲಿ,
ಬೆಲೆಯ ಚೀಟಿ ನೇತಾಡುತ್ತಿತ್ತು.
ಮೂರು ಡಜನ್ನಿಗೆ ಒಂದು ಕಟ್ಟು, ಕಟ್ಟಿಗೊಂದು ಚೀಟಿ,
ಹರಿದು ಹಾಳೆಗೆ ಅಂಟಿಸಿ ಶುಕ್ರವಾರ ಎಣಿಸಿದರೆ ಸಂಬಳ.
ನೂಲಿನ ಧೂಳು ಹುಬ್ಬಿಗೆ ಮೆತ್ತಿ
ದ್ವೀಪದಿಂದ ಬಂದ ಇಪ್ಪತ್ತರ ಹುಡುಗಿಯರೆಲ್ಲ
ಸಂಜೆಯ ಬಸ್ಸಿನಲ್ಲಿ ಮುದುಕಿಯರು.

ಅಂಗಿಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ.
ಜಗ್ಗುವ ಬಟ್ಟೆಯ ಜೊತೆ ತಾನೂ ಜಗ್ಗುವ ಹೊಲಿಗೆ ಅದು;
ನಿನ್ನ ನೇರ ಹೊಲಿಗೆಯಾದರೆ
ಮಗು ತಲೆ ತೂರಿಸಿದ ಕೂಡಲೆ ಪಟ್ ಎನ್ನುತ್ತದೆ.
ಆದರೆ ಒಂದು: ಅಮ್ಮ ಒಳಗಡೆ
ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುತ್ತಿದ್ದಳು,
ಮೈ ತುಂಬಿದರೆ ಬಿಚ್ಚೋಣ ಎಂದು.
ಇದು ಬಿಡುವುದಿಲ್ಲ. ಇವತ್ತಿನ ಅಳತೆಯೇ ಕೊನೆಯ ಅಳತೆ.

ಕೌದಿಗೆ?

ಗಿರಣಿ ಬಾಗಿಲು ಹಾಕಿದಾಗ ಬಾಕಿ ಹಣದ ಬದಲು
ಬೇಕಾದ ಮಷೀನು ಎತ್ತಿಕೊಂಡು ಹೋಗಿ ಅಂದರು.
ನಾಲ್ವರು ಹೊತ್ತು ನನ್ನ ಮನೆಯ ಮೆಟ್ಟಿಲಿಳಿಸಿದರು,
ಒಬ್ಬನ ಹೆಬ್ಬೆರಳು ಜಜ್ಜಿತು.
ಆ ಚಳಿಗಾಲ ಕೈ ಸುಮ್ಮನಿರಲಾರದೆ
ನಲವತ್ತೆಂಟು ನಕ್ಷತ್ರದ ಕೌದಿ ಹಿಡಿದೆ.
ಎರಡೇ ದಿನ! ನೀವು ಒಂದು ನಕ್ಷತ್ರಕ್ಕೆ
ಒಂದು ವಾರ ಹರಟುತ್ತೀರಿ.
ತಿರುವಿ ಹಾಸಿ ನೋಡುತ್ತೇನೆ, ಒಂದಕ್ಕೂ ತುದಿಯಿಲ್ಲ.
ಕೂದಲೆಳೆ, ಕೂದಲೆಳೆ ಎಂದು ತಿಂದು ತಿಂದು
ಮೂಲೆಗಳನ್ನೆಲ್ಲ ನುಂಗಿಬಿಟ್ಟಿತ್ತು.
ನಾಲ್ಕು ಹೊಲಿಗೆ ಕೂಡುವಲ್ಲಿ ಕಡಲೆಕಾಳಿನಂಥ ಗಂಟು,
ಕೈಸೂಜಿ ಒಳಗಿಳಿಯದು.
ಒಟೀಲಿಯಾ ಹೊಸ ಕನ್ನಡಕ ಒರೆಸಿಕೊಂಡು ಅಂದಳು:
ಇವು ನಕ್ಷತ್ರವಲ್ಲ ಇದಲೀನಾ, ಬಿಸ್ಕತ್ತು.

ಆ ಬಿಸ್ಕತ್ತನ್ನೇ ಮೊಮ್ಮಗ ದುವಾರ್ತೆ ಕೇಳದೆ ಒಯ್ದ,
ಚಿಪ್ಪುಮೀನಿನ ದೋಣಿಗೆ, ತನ್ನ ಇಕ್ಕಟ್ಟು ಮಂಚಕ್ಕೆ.
ತಿಂಗಳಿಗೊಮ್ಮೆ ಬಂದರಿನಲ್ಲಿ ನಾಣ್ಯ ಹಾಕುವ ಯಂತ್ರದಲ್ಲಿ ಒಗೆಯುತ್ತಾನೆ.
ಹತ್ತು ವರ್ಷ. ಡೀಸೆಲು ವಾಸನೆ ಹೋಗಿಲ್ಲ,
ಒಂದು ಎಳೆಯೂ ಬಿಚ್ಚಿಲ್ಲ.
ನಾನು ಕೈಯಲ್ಲಿ ಹೊಲಿದದ್ದು, ಎಲ್ಲ ತುದಿ ಚೂಪಾಗಿರುವುದು,
ನುಸಿಗುಳಿಗೆಯ ಜೊತೆ ಪೆಟ್ಟಿಗೆಯಲ್ಲಿದೆ.
ಮುಟ್ಟಿದರೆ ನಾನೇ ಬೈಯುತ್ತೇನೆ.

ಹಾಗಾದರೆ ಕೊಳ್ಳಲೇ ಎನ್ನಬೇಡ.
ನಿನಗೆ ಎಷ್ಟು ಮಕ್ಕಳು, ಎಷ್ಟು ಚಳಿ, ಎಷ್ಟು ತಾಳ್ಮೆ
ನನಗೇನು ಗೊತ್ತು.
ಶನಿವಾರ ಬಾ, ನನ್ನದರ ಮೇಲೆ ಕೂತು ನೋಡು.
ನೂಲು ತೀರಿದಾಗ ಹಳೆಯದನ್ನು ಕಿತ್ತೆಸೆಯಬೇಡ;
ಅದರ ಬಾಲಕ್ಕೆ ಹೊಸದನ್ನು ಗಂಟು ಹಾಕಿ ಮೆಲ್ಲಗೆ ಎಳೆ,
ಅಂಕುಡೊಂಕು ದಾರಿಯೆಲ್ಲ ಅದಕ್ಕೆ ಗೊತ್ತು,
ಹೊಸದನ್ನು ತಾನೇ ಕರೆದೊಯ್ಯುತ್ತದೆ.
ಮತ್ತೆ, ಪಿನ್ನಿನ ಡಬ್ಬಿ ಮನೆಯಲ್ಲೇ ಬಿಟ್ಟು ಬಾ.